ಎರಡು ಬಾಟ್ಲಿ ಗ್ಲೂಕೋಸು

ನನ್ನ ಅಣ್ಣ ಬಸವಕಲ್ಯಾಣದಲ್ಲಿ ಲಾರಿಗಳಿಗೆ ಬಣ್ಣ ಹಚ್ಚಿ ಅಕ್ಷರ ಬರೆಯುತ್ತಿದ್ದ. ನಮ್ಮ ಊರಲ್ಲಿ ಮನೆಗಳಿಗಿಂತ ಲಾರಿಗಳೇ ಹೆಚ್ಚು ಎಂದು ಸುತ್ತಲಿನವರು ನಗೆಯಾಡುತ್ತಿದ್ದ ಕಾಲ ಅದು, ತೊಂಬತ್ತರ ದಶಕದ ಮೊದಲ ವರ್ಷಗಳು. ಹೊಸ ಲಾರಿಗೆ ಬಡಿಗರು ಕಟ್ಟಿಗೆಯ ಬಾಡಿ ಕಟ್ಟಿ ಮುಗಿಸಿದ ಮೇಲೆ ಅದು ಅಣ್ಣನ ಕೈಗೆ ಬರುತ್ತಿತ್ತು. ಕನ್ನಡ, ಮರಾಠಿ, ಉರ್ದು ಮೂರನ್ನೂ ಅವನು ಪಟ್ಟಿ ಹಿಡಿಯದೆ, ಗೆರೆ ಎಳೆಯದೆ ಬರೆಯುತ್ತಿದ್ದ. ಉರ್ದು ಅವನಿಗೆ ಓದಲು ಬರುತ್ತಿರಲಿಲ್ಲ. ಯಾರಾದರೂ ಚೀಟಿಯಲ್ಲಿ ಬರೆದುಕೊಟ್ಟರೆ ಅದರ ಬಳುಕನ್ನು ಎರಡು ಸಲ ನೋಡಿ ಹಲಗೆಯ ಮೇಲೆ ಇಳಿಸುತ್ತಿದ್ದ. ಓದಲು ಬರುವವರು ಬಂದು ನೋಡಿ, ಇಷ್ಟು ಚಂದ ನಮ್ಮ ಮೌಲ್ವಿ ಸಾಹೇಬರೂ ಬರೆಯುವುದಿಲ್ಲ ಎನ್ನುತ್ತಿದ್ದರು.

ಊಟದಲ್ಲಿ ಅವನನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಅಪ್ಪ ನಾವು ಚಿಕ್ಕವರಿದ್ದಾಗಲೇ ಹೋಗಿದ್ದ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರೆ ಅಣ್ಣ ಎದುರಿಗೇ ಕೂತು, ಹಂಚಿನಿಂದ ಇಳಿದದ್ದನ್ನು ಇಳಿದ ಹಾಗೆ ತೆಗೆದುಕೊಳ್ಳುತ್ತಿದ್ದ. ಪುಂಡಿಪಲ್ಯ, ಶೇಂಗಾಹಿಂಡಿ, ಹಸಿ ಉಳ್ಳಾಗಡ್ಡಿ. ಐದನೆಯ ರೊಟ್ಟಿಯ ಮೇಲೆ ಅವ್ವ ನನ್ನ ಕಡೆ ನೋಡಿ, ಇವನಿಗೆ ಹೆಣ್ಣು ಕೊಡುವವರು ಮೊದಲು ಒಂದು ಹೊಲ ನೋಡಿಕೊಳ್ಳಲಿ ಎನ್ನುತ್ತಿದ್ದಳು. ಹೆಣ್ಣು ಮನ್ನಾಏಖೇಳ್ಳಿಯಿಂದ ಬಂತು. ನನ್ನ ವೈನಿ ಸಣ್ಣ ಮೈಯವಳು, ಮಾತು ಕಡಿಮೆ, ಕೈ ಬಹಳ ಚುರುಕು. ಮದುವೆಯಾದ ಎರಡನೆಯ ವರ್ಷಕ್ಕೆ ಮಗಳು ಹುಟ್ಟಿದಳು. ಅದೇ ವರ್ಷ ನನ್ನನ್ನು ಹುಮನಾಬಾದಿಗೆ ಕೊಟ್ಟರು. ಅವ್ವ ಮೊಮ್ಮಗಳನ್ನು ಒಂದು ವರ್ಷ ಆಡಿಸಿ, ಒಂದು ಚಳಿಗಾಲದಲ್ಲಿ ಸದ್ದಿಲ್ಲದೆ ತೀರಿಹೋದಳು.

ಅಣ್ಣ ಕುಡಿಯಲು ಶುರು ಮಾಡಿದ್ದು ಯಾವಾಗ ಎಂದು ಖಚಿತವಾಗಿ ಹೇಳಲಾರೆ. ಲಾರಿಯೊಂದು ಮುಗಿದ ದಿನ ಮಾಲೀಕರು ಬಡಿಗರನ್ನೂ ಪೇಂಟರನ್ನೂ ಹೆದ್ದಾರಿಯ ಢಾಬಾಕ್ಕೆ ಕರೆದುಕೊಂಡು ಹೋಗುವ ಪದ್ಧತಿ ಇತ್ತು. ಅಲ್ಲಿ ಒಂದು ಗ್ಲಾಸು ಎರಡು ಗ್ಲಾಸು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆಮೇಲೆ ಲಾರಿ ಮುಗಿಯದ ದಿನಗಳಲ್ಲೂ ಕುಡಿತ ನಡೆಯಿತು. ಸೇಂದಿ ಹೋಗಿ ಸಾರಾಯಿ ಪಾಕೀಟು ಬಂತು. ಅವ್ವ ಹೋದ ಮೇಲೆ ಅದಕ್ಕೆ ಹೊತ್ತುಗೊತ್ತು ಉಳಿಯಲಿಲ್ಲ. ಬೆಳಿಗ್ಗೆ ಎದ್ದರೆ ಕೈ ನಡುಗುತ್ತಿತ್ತು, ಕುಂಚ ನಿಲ್ಲುತ್ತಿರಲಿಲ್ಲ. ಒಂದು ಪಾಕೀಟು ಒಳಗೆ ಹೋದರೆ ಕೈ ನೆಟ್ಟಗಾಗುತ್ತಿತ್ತು. ಅದನ್ನು ಅವನು ಔಷಧ ಎಂದೇ ನಂಬಿದ್ದ.

ನಾವೆಲ್ಲ ಬಾಟ್ಲಿಯನ್ನು ನೋಡಿದೆವು, ತಾಟನ್ನು ನೋಡಲಿಲ್ಲ. ಐದು ರೊಟ್ಟಿ ಮೂರಾಯಿತು, ಮೂರು ಒಂದಾಯಿತು. ಕೊನೆಗೆ ಒಂದು ಮುಷ್ಟಿ ಚುರುಮುರಿ, ಎರಡು ಹಸಿಮೆಣಸಿನಕಾಯಿ, ಉಪ್ಪು. ಉಣ್ಣು ಎಂದರೆ ಆಮೇಲೆ ಉಣ್ಣುತ್ತೇನೆ ಎನ್ನುತ್ತಿದ್ದ. ವೈನಿ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ ಇಡುತ್ತಿದ್ದಳು. ಮರುದಿನ ಅದನ್ನು ತೆಗೆದು ಎಮ್ಮೆಗೆ ಹಾಕುತ್ತಿದ್ದಳು. ಕುಡಿತ ಗುಣದ ದೋಷ, ಅದಕ್ಕೆ ಬೈಗುಳವೇ ಮದ್ದು ಎಂದು ನಾವು ತಿಳಿದಿದ್ದೆವು. ನಾನೂ ಬೈದೆ.

ನಾನು ಬೈದದ್ದಕ್ಕೆ ಇನ್ನೊಬ್ಬರಿಗಿಂತ ಹೆಚ್ಚು ನಾಚಿಕೆಪಡಬೇಕು. ಆಗ ನಾನು ಹುಡಗಿ ಎಂಬ ಹತ್ತಿರದ ಊರಿನಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದೆ. ದಿನಾ ಹುಮನಾಬಾದಿನಿಂದ ಹೋಗಿ ಬರುತ್ತಿದ್ದೆ. ಮಕ್ಕಳನ್ನು ತಕ್ಕಡಿಗೆ ತೂಗುಹಾಕಿ ತೂಕ ನೋಡುವುದು, ಚಾರ್ಟಿನ ಮೇಲೆ ಚುಕ್ಕೆ ಇಡುವುದು, ಚುಕ್ಕೆ ಕೆಳಗಿಳಿದರೆ ಆ ಮನೆಗೆ ಹೋಗಿ ತಾಯಿಯನ್ನು ಕೂಡಿಸಿಕೊಂಡು ಮಾತಾಡುವುದು ನನ್ನ ಕೆಲಸ. ಕಣ್ಣಿನ ಕೆಳರೆಪ್ಪೆ ಎಳೆದು ರಕ್ತ ಇದೆಯೋ ಇಲ್ಲವೋ ಹೇಳುತ್ತಿದ್ದೆ. ಹೊಟ್ಟೆ ಉಬ್ಬಿ ಕೈಕಾಲು ಕಡ್ಡಿಯಾದ ಮಗುವಿನ ಚಿತ್ರ ತೋರಿಸಿ, ಇದು ದಪ್ಪ ಅಲ್ಲ, ಇದು ಹಸಿವು ಎಂದು ತಾಯಂದಿರಿಗೆ ತಿಳಿಸಿ ಹೇಳುತ್ತಿದ್ದೆ. ಅಣ್ಣನ ಅಂಗಿಯೊಳಗಿನ ಹೊಟ್ಟೆ ಮುಂದೆ ಬಂದದ್ದನ್ನು ನೋಡಿದಾಗ ಮಾತ್ರ, ಕುಡಿದರೂ ಮೈಯೇನೋ ತುಂಬಿದೆ ಎಂದುಕೊಂಡೆ.

ಒಂದು ಪಂಚಮಿಗೆ ಅಣ್ಣ ನನ್ನನ್ನು ತವರಿಗೆ ಕರೆಯಲು ಬಂದ. ಬಾಗಿಲಲ್ಲಿ ನಿಂತಾಗ ನೋಡುತ್ತೇನೆ, ಬಲಗಾಲಲ್ಲಿ ಚಪ್ಪಲಿ ಇದೆ, ಎಡಗಾಲು ಬರಿದು. ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಯವರೆಗೆ ಹಾಗೇ ನಡೆದುಬಂದಿದ್ದಾನೆ. ಅಂಗಾಲಲ್ಲಿ ಗಾಜು ಹೊಕ್ಕು, ನಾನು ಆಗಷ್ಟೇ ಸಾರಿಸಿದ್ದ ಕಟ್ಟೆಯ ಮೇಲೆ ರಕ್ತದ ಹೆಜ್ಜೆ ಮೂಡಿದೆ. ಅವನಿಗೆ ಗೊತ್ತೇ ಇಲ್ಲ. ನಾನು ಕಾಲು ನೋಡುತ್ತಿರುವುದನ್ನು ನೋಡಿ ಅವನೂ ಬಗ್ಗಿ ನೋಡಿದ.

"ಕುಡದು ಬಂದಿಯೇನು? ಪಂಚಮಿಗೆ ಕರಿಯಾಕ ಬರೂಮುಂದೂ?" ಎಂದೆ.

"ಇಲ್ಲ ತಂಗಿ. ಇವತ್ತ ಮುಟ್ಟಿಲ್ಲ. ಕಾಲಿಗೆ ಅರವಿ ಸುತ್ತಿದಂಗ ಆಗ್ಯಾದ. ನೆಲ ಗೊತ್ತಾಗವಲ್ದು."

ಹತ್ತಿರ ಹೋಗಿ ವಾಸನೆ ನೋಡಬಹುದಿತ್ತು. ನೋಡಲಿಲ್ಲ. ಓಣಿಯ ಹೆಂಗಸರು ಬಾಗಿಲಿಗೆ ಬಂದಿದ್ದರು, ನನಗೆ ಅವಮಾನವಾಗಿತ್ತು. ಕುಡಿದವನ ಕೂಡ ನಾನು ಬರುವುದಿಲ್ಲ ಎಂದುಬಿಟ್ಟೆ. ಅವನು ಕಟ್ಟೆಯ ಮೇಲೆ ಕೂತು ಗಾಜಿನ ಚೂರನ್ನು ತಾನೇ ಕಿತ್ತ. ಮುಖ ಕಿವುಚಲಿಲ್ಲ. ನನ್ನ ಗಂಡನ ಹಳೆಯ ಚಪ್ಪಲಿ ಕೊಟ್ಟೆ. ಹಾಕಿಕೊಂಡು ಹೋದ. ಅವನು ಅಂದು ಹೇಳಿದ್ದು ನಿಜ ಎಂದು ನನಗೆ ತಿಳಿದದ್ದು ಒಂದೂವರೆ ವರ್ಷದ ಮೇಲೆ, ಬೀದರಿನ ದವಾಖಾನೆಯಲ್ಲಿ.

ಆ ಪಂಚಮಿಯ ಮುಂದಿನ ವರ್ಷ ವೈನಿ ಮನೆ ಬಿಟ್ಟಳು. ಎರಡು ದಿನದಿಂದ ಅಣ್ಣ ಏನೂ ತಿಂದಿರಲಿಲ್ಲ. ಅವಳು ಬಿಸಿ ಬೇಳೆ ಮಾಡಿ, ರೊಟ್ಟಿ ಮುರಿದು ಅದರಲ್ಲಿ ನೆನೆಸಿ, ಮಗುವಿಗೆ ಉಣಿಸುವ ಹಾಗೆ ತುತ್ತನ್ನು ಬಾಯಿಯ ಹತ್ತಿರ ಹಿಡಿದಳು. ಒಂದೇ ಒಂದು ತುತ್ತು ಎಂದಳಂತೆ. ಅವನು ಕೈ ಬೀಸಿದ. ಬೇಳೆಯ ಗಡಿಗೆ ಒಲೆಯ ಮೇಲಿಂದ ಉರುಳಿ ಅವಳ ಬಲಗೈ ಮಣಿಕಟ್ಟಿನಿಂದ ಮೊಣಕೈಯವರೆಗೆ ಸುಟ್ಟಿತು. ಐದು ವರ್ಷದ ಮಗಳು ಪಕ್ಕದಲ್ಲೇ ಕೂತಿದ್ದಳು. ಅವಳಿಗೇನೂ ಆಗಲಿಲ್ಲ, ಆದರೆ ಆಗಬಹುದಿತ್ತು. ವೈನಿ ಕೈಗೆ ಒದ್ದೆ ಅರಿವೆ ಸುತ್ತಿಕೊಂಡು, ಮಗಳನ್ನು ಕಂಕುಳಿಗೆ ಏರಿಸಿ ಮನ್ನಾಏಖೇಳ್ಳಿಯ ಬಸ್ಸು ಹತ್ತಿದಳು. ಹೋಗಬೇಡ ಎಂದು ನಾನು ಹೇಳಿಕಳಿಸಲಿಲ್ಲ. ಹೇಳುವ ಮುಖ ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ.

ಆಮೇಲೆ ಐದಾರು ತಿಂಗಳು ಅಣ್ಣ ಒಬ್ಬನೇ ಇದ್ದ. ಒಲೆ ಹೊತ್ತಿಸಿದ್ದನ್ನು ಯಾರೂ ನೋಡಲಿಲ್ಲ. ಕೆಲಸಕ್ಕೂ ಕರೆಯುವುದು ಬಿಟ್ಟಿದ್ದರು. ನೆರೆಯ ಮನೆಯ ಬೀಬಿ, ನಮ್ಮ ಅವ್ವನ ಗೆಳತಿ, ಒಬ್ಬರ ಕೈಯಲ್ಲಿ ನನಗೆ ಹೇಳಿಕಳಿಸಿದರು. ಎಂಟು ದಿನದಿಂದ ವಾಂತಿ ಮಾಡುತ್ತಿದ್ದಾನೆ, ನೀರೂ ನಿಲ್ಲುತ್ತಿಲ್ಲ, ಬಂದು ಕರೆದುಕೊಂಡು ಹೋಗು ಎಂದು. ನಾನೂ ನನ್ನ ಗಂಡನೂ ಹೋಗಿ ಜೀಪಿನಲ್ಲಿ ಅವನನ್ನು ಹುಮನಾಬಾದಿಗೆ ತಂದೆವು.

ಹಿತ್ತಲ ಬಚ್ಚಲಲ್ಲಿ ಮೈ ತೊಳೆಯಲು ಅಂಗಿ ಬಿಚ್ಚಿದೆ. ಎಷ್ಟೋ ವರ್ಷಗಳ ಮೇಲೆ ಅವನನ್ನು ಬರಿಮೈಯಲ್ಲಿ ನೋಡಿದ್ದು. ಪಕ್ಕೆಲುಬು ಒಂದೊಂದೂ ಎಣಿಸುವ ಹಾಗೆ. ತೊಡೆ ನನ್ನ ತೋಳಿನಷ್ಟು. ನಡುವೆ ಗುಡಾಣದಂಥ ಹೊಟ್ಟೆ. ಬಾಯಿಯ ಮೂಲೆ ಒಡೆದಿತ್ತು, ನಾಲಿಗೆ ಹಸಿ ಮಾಂಸದಂತೆ ಕೆಂಪಾಗಿತ್ತು. ನಾನು ಹುಡಗಿಯ ತಾಯಂದಿರಿಗೆ ತೋರಿಸುತ್ತಿದ್ದ ಚಿತ್ರದ ಮಗು ನನ್ನ ಬಚ್ಚಲಲ್ಲಿ, ಮೂವತ್ತಾರು ವರ್ಷದವನಾಗಿ, ಗೋಡೆ ಹಿಡಿದು ಕೂತಿತ್ತು. ನೀರು ಹಾಕುತ್ತಾ ಅತ್ತೆ. ಅವನು, ಬಿಸಿ ಆಯ್ತೇನು ತಂಗಿ, ಕೈ ಸುಟ್ಟಿತೇನು ಎಂದು ಕೇಳಿದ.

ಅಂದೇ ಅವನನ್ನು ನಮ್ಮ ಮನೆಗೆ ಹತ್ತಿರದ ಒಬ್ಬ ಡಾಕ್ಟರ ಹತ್ತಿರ ಒಯ್ದೆ. ಅವರು ಕಣ್ಣು, ಹೊಟ್ಟೆ ಮುಟ್ಟಿ ನೋಡಿ, ಬಹಳ ದಿನದ ಕುಡಿತ ಇದು, ಬೀದರಿನ ದೊಡ್ಡ ದವಾಖಾನೆಗೆ ಒಯ್ಯುವುದು ಒಳ್ಳೆಯದು ಎಂದರು. ನಮ್ಮ ಕಡೆ ಯಾರಾದರೂ ಸುಸ್ತಾದರೆ ಮೊದಲು ಬಾಯಿಗೆ ಬರುವ ಮಾತು ಒಂದೇ, ಗ್ಲೂಕೋಸು ಏರಿಸುವುದು. ಬಾಟ್ಲಿ ಏರಿದರೆ ಜೀವ ಬಂತು ಎಂದು ಅರ್ಥ.

"ಮೊದ್ಲ ಒಂದು ಗ್ಲೂಕೋಸ್ ಏರಸ್ರಿ ಸಾಹೇಬ್ರ. ಒಂದೀಟು ತಾಕತ್ ಬರ್ಲಿ. ನಾಳಿ ಒಯ್ತೀನಿ," ಎಂದೆ.

ಅವರು ಮತ್ತೊಮ್ಮೆ ಬೀದರಿನ ಮಾತೆತ್ತಿದರು. ನಾನು ಮತ್ತೆ ಕೈಮುಗಿದೆ. ಏರಿಸಿದರು. ಒಂದು ಮುಗಿಯುತ್ತಿದ್ದಂತೆ ಅಣ್ಣನ ಮುಖದಲ್ಲಿ ಕಳೆ ಬಂದಂತೆ ಕಂಡಿತು. ಇನ್ನೊಂದು ಹಾಕಿ ಎಂದೆ. ಅದನ್ನೂ ಹಾಕಿದರು. ಸಂಜೆ ಮನೆಗೆ ತಂದಾಗ ಅವನು ಎರಡು ಗುಟುಕು ಚಹಾ ಕುಡಿದ. ವಾಂತಿಯಾಗಲಿಲ್ಲ. ನಾನು ದೇವರ ಮುಂದೆ ದೀಪ ಹಚ್ಚಿದೆ.

ಮರುದಿನ ಬೆಳಿಗ್ಗೆ ಎದ್ದವನು ನಿಲ್ಲಲಾರದೆ ಗೋಡೆಗೆ ಬಿದ್ದ. ಕಣ್ಣುಗುಡ್ಡೆ ಒಂದು ಕಡೆ ನಿಲ್ಲದೆ ಅದುರುತ್ತಿದ್ದವು. ಒಬ್ಬಳೇ ನಿಂತಿದ್ದ ನನ್ನನ್ನು ನೋಡಿ, ನಿಮ್ಮಲ್ಲಿ ಯಾರು ನನ್ನ ತಂಗಿ ಎಂದು ಕೇಳಿದ. ಆಮೇಲೆ ಯಾವುದೋ ಲಾರಿಯ ಮಾತು ಆಡತೊಡಗಿದ. ಕುಡಿತ ನಿಂತದ್ದಕ್ಕೆ ಹೀಗೆ ಬಡಬಡಿಸುತ್ತಾನೆ, ಒಂದು ದಿನ ಕಳೆದರೆ ಸರಿಹೋಗುತ್ತದೆ ಎಂದು ಮನೆಗೆ ಬಂದವರೆಲ್ಲ ಹೇಳಿದರು. ನಾನು ಆ ಒಂದು ದಿನವನ್ನೂ ಕಳೆದೆ. ಮೂರನೆಯ ದಿನ ಬೀದರಿಗೆ ಒಯ್ದೆವು.

ಅಲ್ಲಿ ನೋಡಿದವಳು ಒಬ್ಬ ಹರೆಯದ ಡಾಕ್ಟರು. ಎಷ್ಟು ಕುಡಿಯುತ್ತಿದ್ದ ಎಂದು ಕೇಳುತ್ತಾಳೆ ಎಂದುಕೊಂಡು ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

"ಇವರು ಏನು ಉಣ್ತಿದ್ರು?"

ನಾನು ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ ಎಂದು ಅವಳಿಗೆ ಹೇಳಲಿಲ್ಲ.

ಅವಳು ಮೊದಲು ಸೂಜಿಗಳನ್ನು ಕೊಡಿಸಿ, ಆಮೇಲೆ ವರಾಂಡಕ್ಕೆ ಬಂದು ನನ್ನ ಪಕ್ಕ ನಿಂತು ತಿಳಿಸಿ ಹೇಳಿದಳು. ಸಾರಾಯಿ ಹೊಟ್ಟೆ ತುಂಬಿದ ಭ್ರಮೆ ಹುಟ್ಟಿಸಿ ಹಸಿವನ್ನು ಕೊಲ್ಲುತ್ತದೆ. ತಿಂದ ಒಂದು ತುತ್ತಿನ ಸತ್ವವನ್ನೂ ಕರುಳು ಹೀರದ ಹಾಗೆ ಮಾಡುತ್ತದೆ. ಯಕೃತ್ತು ಕೂಡಿಟ್ಟುಕೊಳ್ಳಬೇಕಾದದ್ದನ್ನು ಕೂಡಿಡುವುದಿಲ್ಲ. ಹಾಗೆ ವರ್ಷಗಟ್ಟಲೆ ನಡೆದರೆ ಬಿ ಜೀವಸತ್ವ ಖಾಲಿಯಾಗುತ್ತದೆ. ಮೊದಲು ಕಾಲಿನ ನರಗಳು ಸಾಯುತ್ತವೆ, ಚಪ್ಪಲಿ ಕಳಚಿದರೂ ತಿಳಿಯುವುದಿಲ್ಲ. ಆಮೇಲೆ ಮಿದುಳು. ನಾನು ಗ್ಲೂಕೋಸಿನ ಮಾತು ಹೇಳಿದೆ. ಅವಳು ಎಷ್ಟು ಬಾಟ್ಲಿ ಎಂದು ಕೇಳಿದಳು. ಎರಡು ಎಂದೆ. ಸಕ್ಕರೆಯನ್ನು ಉರಿಸಲು ಮೈಗೆ ಅದೇ ಜೀವಸತ್ವ ಬೇಕು, ಇಂಥವರಿಗೆ ಮೊದಲು ಜೀವಸತ್ವ ಕೊಟ್ಟು ಆಮೇಲೆ ಗ್ಲೂಕೋಸು ಕೊಡಬೇಕು, ಇಲ್ಲದಿದ್ದರೆ ತಳದಲ್ಲಿ ಉಳಿದ ಒಂದಿಷ್ಟೂ ಅದರಲ್ಲೇ ಮುಗಿದುಹೋಗುತ್ತದೆ ಎಂದಳು.

"ಗ್ಲೂಕೋಸ್ ಹಾಕ್ಸಿದ್ದಕ್ಕ ಹಿಂಗಾತೇನ್ರಿ?" ಎಂದೆ.

"ಅದಕ್ಕ ಅಂತ ಹೇಳಾಕ ಆಗಂಗಿಲ್ಲ. ವರ್ಷಾನುಗಟ್ಟಲೆ ಖಾಲಿಯಾದ ಮೈ. ಅದು ಹಾಕ್ದಿದ್ರೂ ಆಗ್ತಿತ್ತೇನೋ."

ಅವಳು ಒಳ್ಳೆಯವಳು, ನನ್ನ ಮನಸ್ಸಿಗೆ ಸಮಾಧಾನವಾಗಲೆಂದೇ ಹಾಗೆ ಹೇಳಿದ್ದಳು. ಆದರೆ ಆ ಕೊನೆಯ 'ಏನೋ' ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನಾಲ್ಕೈದು ದಿನಕ್ಕೆ ಕಣ್ಣು ನೆಟ್ಟಗಾದವು. ಮೂರು ವಾರಕ್ಕೆ ಕೋಲು ಹಿಡಿದು, ಕಾಲು ಅಗಲಿಸಿ ನಡೆಯತೊಡಗಿದ. ಹಸಿವೂ ಮರಳಿತು. ಮರಳದೆ ಹೋದದ್ದು ನೆನಪು. ಡಾಕ್ಟರು ಬೆಳಿಗ್ಗೆ ಬಂದು ಹೋದರೆ, ಹತ್ತು ನಿಮಿಷದ ಮೇಲೆ ಮತ್ತೆ ಬಂದಾಗ ಎದ್ದು ಕೂತು ಹೊಸಬರಿಗೆ ಮಾಡುವ ಹಾಗೆ ನಮಸ್ಕಾರ ಮಾಡುತ್ತಿದ್ದ. ನಿನ್ನೆ ಏನು ಮಾಡಿದೆ ಎಂದರೆ, ಉದಗೀರಿನ ಸಾಹುಕಾರರ ಲಾರಿ ಮುಗಿಸಿದೆ, ಹಸಿರು ಬಳಿದು ಹಳದಿ ಅಂಚು ಕಟ್ಟಿದೆ ಎಂದು ನಂಬುವ ಹಾಗೆ ಹೇಳುತ್ತಿದ್ದ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಖಾಲಿ ಜಾಗವನ್ನು ಅವನ ಮನಸ್ಸು ಹೇಗೋ ತುಂಬಿಕೊಳ್ಳುತ್ತಿತ್ತು.

ಕೊನೆಯ ನಾಲ್ಕೈದು ವರ್ಷ ಪೂರ್ತಿ ಅಳಿಸಿಹೋಗಿತ್ತು. ತಾನು ಕುಡಿದದ್ದೇ ಅವನಿಗೆ ನೆನಪಿರಲಿಲ್ಲ. ನಾವು ಹರಕೆ ಹೊತ್ತಿದ್ದೆವು, ತಾಯತ ಕಟ್ಟಿಸಿದ್ದೆವು, ಇವನು ಒಮ್ಮೆ ಕುಡಿತ ಬಿಟ್ಟರೆ ಸಾಕು ಎಂದು ಕಂಡ ದೇವರಿಗೆಲ್ಲ ಕೈಮುಗಿದಿದ್ದೆವು. ಈಗ ಅವನು ಬಿಟ್ಟಿದ್ದ. ಕುಡಿತಕ್ಕೆ ಮುಂಚಿನ ನನ್ನ ಅಣ್ಣನೇ, ಮೆತ್ತಗೆ ನಗುವ, ಎಲ್ಲರ ಊಟ ವಿಚಾರಿಸುವ ಅಣ್ಣನೇ ತಿರುಗಿ ಬಂದಿದ್ದ. ಆದರೆ ನಡುವೆ ಏನಾಯಿತು ಎಂದು ತಿಳಿಯದವನಾಗಿ ಬಂದಿದ್ದ.

ನಮ್ಮ ಮನೆಗೆ ಕರೆತಂದ ಮೇಲೆ ವೈನಿಗೆ ಪತ್ರ ಬರೆದೆ. ಬರುತ್ತಾಳೆ ಎಂಬ ಭರವಸೆ ಇರಲಿಲ್ಲ. ಒಂದು ಮಧ್ಯಾಹ್ನ ಮಗಳನ್ನು ಕರೆದುಕೊಂಡು ಬಂದಳು. ಅಣ್ಣ ಪಡಸಾಲೆಯಲ್ಲಿ ಕೂತಿದ್ದ. ಅವಳನ್ನು ನೋಡಿ ಮುಖ ಅರಳಿತು. ಯಾವಾಗ ಬಂದಿ, ಊಟ ಆಯಿತೇನು ಎಂದು ಕೇಳಿದ, ಬೆಳಿಗ್ಗೆ ಬಾವಿಗೆ ಹೋಗಿ ಬಂದವಳನ್ನು ಕೇಳುವ ಹಾಗೆ. ಅವಳು ಕಂಬ ಹಿಡಿದು ನಿಂತೇ ಇದ್ದಳು. ಸೆರಗು ಸರಿದು ತೋಳು ಕಾಣಿಸಿತು. ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು.

"ಕೈಗೆ ಏನಾತು?" ಎಂದ ಅಣ್ಣ.

ವೈನಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಎಣ್ಣಿ ಸಿಡೀತ್ರಿ," ಎಂದಳು.

"ನೋಡಿ ಮಾಡಬೇಕು, ಬ್ಯಾಡೇನು," ಎಂದು ಅವನು ಆ ತೋಳನ್ನು ಹಿಡಿದು, ಗಾಯ ಹೊಸದು ಎನ್ನುವ ಹಾಗೆ ಮೆಲ್ಲಗೆ ಊದಿದ.

ಅವಳು ಕೈ ಬಿಡಿಸಿಕೊಂಡು ಹಿತ್ತಲಿಗೆ ಹೋದಳು. ಹಿಂದೆಯೇ ನಾನು ಹೋದೆ. ನಲ್ಲಿಯ ಕಟ್ಟೆಯ ಮೇಲೆ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. "ಬಸ್ಸಿನ್ಯಾಗ ಹಾದಿ ತುಂಬ ಏನೇನು ಅನ್ನಬೇಕು ಅಂತ ಕೂಡಿಸ್ಕೊಂಡು ಬಂದಿದ್ನಿ ತಂಗಿ. ಈಗ ಯಾರಿಗೆ ಅನ್ಲಿ? ಮಾಡಿದಾಂವ ಅಲ್ಲಿ ಇಲ್ಲೇ ಇಲ್ಲ," ಎಂದಳು.

ಒಳಗೆ ಅಣ್ಣ ಮಗಳನ್ನು ಯಾರ ಮನೆಯ ಹುಡುಗಿ ನೀನು ಎಂದು ಕೇಳುತ್ತಿದ್ದ. ಅವನ ಲೆಕ್ಕದಲ್ಲಿ ಮಗಳಿಗೆ ಇನ್ನೂ ಎರಡನೆಯ ವರ್ಷ ತುಂಬಿರಲಿಲ್ಲ. ಹುಡುಗಿ ಹೆದರಲಿಲ್ಲ. ನಾನು ನಿಮ್ಮ ಮಗಳೇ ಎಂದು ಹೇಳಿ, ಅವನು ಬೆರಗಿನಿಂದ ನಕ್ಕಾಗ ತಾನೂ ನಕ್ಕಳು. ಮುಂದೆ ಅವಳು ದಿನಾ ಹಾಗೆ ತನ್ನ ಗುರುತು ಹೇಳಿಕೊಂಡಳು, ಕೆಲವೊಮ್ಮೆ ದಿನಕ್ಕೆ ನಾಲ್ಕು ಸಲ. ಅವನು ಪ್ರತಿ ಸಲವೂ ಅಷ್ಟೇ ಸಂತೋಷಪಟ್ಟ.

ವೈನಿ ಅವನನ್ನು ಬಸವಕಲ್ಯಾಣಕ್ಕೆ ಕರೆದುಕೊಂಡು ಹೋದಳು. ಯಾಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೂರು ವರ್ಷ ಸಾಕಿದಳು. ಉಂಡದ್ದು ಮರೆತು ಮತ್ತೆ ಉಣ್ಣಲು ಕೂರುತ್ತಿದ್ದ. ಅವಳು ಮತ್ತೆ ಒಂದು ಸಣ್ಣ ತುಂಡು ರೊಟ್ಟಿ, ಚಮಚೆ ಬೇಳೆ ಹಾಕುತ್ತಿದ್ದಳು. ಕುಂಚ ಕೊಟ್ಟರೆ ಅಕ್ಷರ ಇನ್ನೂ ಬರುತ್ತಿದ್ದವು, ಆದರೆ ಅರ್ಧ ಪದ ಬರೆದು ಮುಂದೇನು ಎಂದು ಮರೆತು ನಿಲ್ಲುತ್ತಿದ್ದ.

ಆ ಮೂರು ವರ್ಷ ನಾನು ತಿಂಗಳಿಗೆ ಒಮ್ಮೆ ಹೋಗುತ್ತಿದ್ದೆ. ವೈನಿ ನೀರಿಗೆ ಹೋದಾಗ ಅಣ್ಣನ ಪಕ್ಕ ಕೂತು ಹೇಳುತ್ತಿದ್ದೆ. ಪಂಚಮಿಯ ದಿನ ನಿನ್ನನ್ನು ನಂಬಲಿಲ್ಲ ಎಂದು. ಬೀದರಿಗೆ ಒಯ್ಯಿರಿ ಎಂದರೂ ಕೇಳದೆ ನಾನೇ ಹಟ ಮಾಡಿ ಗ್ಲೂಕೋಸು ಹಾಕಿಸಿದೆ ಎಂದು. ಅವನು ಗಮನವಿಟ್ಟು ಕೇಳುತ್ತಿದ್ದ. ಮುಖದಲ್ಲಿ ನೋವು ಕಾಣುತ್ತಿತ್ತು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು, "ಹೋಗ್ಲಿ ಬಿಡ ತಂಗಿ, ನೀ ಏನ್ ಬೇಕಂತ ಮಾಡ್ದಿ?" ಎನ್ನುತ್ತಿದ್ದ. ಆ ಕ್ಷಣ ಎದೆ ಹಗುರಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನು ಅದನ್ನೂ ಮರೆತು, ಯಾವಾಗ ಬಂದಿ ಎಂದು ಕೇಳುತ್ತಿದ್ದ. ಕ್ಷಮೆ ಕೊಟ್ಟವನಿಗೇ ಕೊಟ್ಟದ್ದು ಗೊತ್ತಿಲ್ಲದಿದ್ದರೆ ಅದನ್ನು ಏನೆಂದು ಇಟ್ಟುಕೊಳ್ಳುವುದು? ಮುಂದಿನ ತಿಂಗಳು ಮತ್ತೆ ಹೇಳುತ್ತಿದ್ದೆ. ಮತ್ತೆ ಆ ಮುಖ ನೋಯುತ್ತಿತ್ತು. ನನ್ನ ಸಮಾಧಾನಕ್ಕೆ ಅವನನ್ನು ಸಲಸಲವೂ ಹೊಸದಾಗಿ ನೋಯಿಸುತ್ತಿದ್ದೇನೆ ಎಂದು ಹೊಳೆದ ದಿನ ಬಿಟ್ಟೆ.

ಯಕೃತ್ತು ಮೊದಲೇ ಹಾಳಾಗಿತ್ತು. ಮೂರನೆಯ ವರ್ಷ ಹೊಟ್ಟೆಯಲ್ಲಿ ನೀರು ತುಂಬಿತು, ಕಣ್ಣು ಹಳದಿಯಾದವು. ದವಾಖಾನೆಯವರು ನೀರು ತೆಗೆದರು, ಮತ್ತೆ ತುಂಬಿತು. ಒಂದು ಬೆಳಿಗ್ಗೆ ವೈನಿ ಗಂಜಿ ಕುಡಿಸುತ್ತಿದ್ದಾಗ ಅವಳ ಭುಜಕ್ಕೆ ಒರಗಿ ಹೋದ. ಮೂವತ್ತೊಂಬತ್ತು ವರ್ಷ ಮುಗಿದು ನಾಲ್ವತ್ತು ನಡೆಯುತ್ತಿತ್ತು.

ದಿನಕರ್ಮಕ್ಕೆ ಬಂದವರ ಮುಂದೆಲ್ಲ ವೈನಿ ಒಂದೇ ಮಾತು ಹೇಳಿದಳು. ಅಂದು ತಂಗಿ ಬೀದರಿಗೆ ಒಯ್ಯದಿದ್ದರೆ ಆ ಮೂರು ವರ್ಷವೂ ನನಗೆ ಸಿಗುತ್ತಿರಲಿಲ್ಲ ಎಂದು. ಈಗಲೂ ಹೋದಾಗ ಹಾಗೆಯೇ ಹೇಳುತ್ತಾಳೆ, ನನ್ನ ತಾಟಿಗೆ ಬೇಡ ಬೇಡವೆಂದರೂ ಇನ್ನೊಂದು ರೊಟ್ಟಿ ಹಾಕುತ್ತಾಳೆ. ಬೀದರಿಗೆ ಹೋಗುವ ಎರಡು ದಿನ ಮುಂಚೆ ಏನಾಯಿತು ಎಂಬುದನ್ನು ಅವಳಿಗೆ ನಾನು ಇನ್ನೂ ಹೇಳಿಲ್ಲ.